ಶರತ್ಕಾಲದ ಹಬ್ಬ: ಅರಸನ ಬಯಲು, ಒಕ್ಕಲಿಗನ ಹೊಲ



ನಿನ್ನೆ ಪ್ರವಚನ ಮುಗಿದು ಮಂಗಳವಾದ ಮೇಲೆ ಒಬ್ಬ ತರುಣ ಬಂದು ನಮ್ಮೆದುರು ಕುಳಿತ. ಮಠಕ್ಕೆ ಮೂರು ತಲೆಮಾರಿನಿಂದ ನಡೆದುಕೊಂಡು ಬಂದ ಮನೆತನದ ಹುಡುಗ. ಬೆಂಗಳೂರಿನಲ್ಲಿ ನೌಕರಿ. ನವರಾತ್ರಿಗೆಂದು ಎರಡು ದಿನ ಊರಿಗೆ ಬಂದಿದ್ದಾನೆ. "ಅಜ್ಜಾರ, ಸೀಗಿ ಹುಣ್ಣಿಮಿಗೆ ಮತ್ತ ಬರಾಕಬೇಕು, ಹೊಲಕ್ಕ ಚರಗ ಚೆಲ್ಲಬೇಕು ಅಂತ ನಮ್ಮಪ್ಪ ಹಟ ಹಿಡಿದಾರ್ರಿ. ನನಗ ರಜಾ ಇಲ್ಲ. ಈ ವರ್ಷ ಮಳೀನೂ ಆಗಿಲ್ಲ, ಪೀಕೂ ಇಲ್ಲ. ಪೀಕಿಲ್ಲದ ಹೊಲದಾಗ ಕುಂತು ಹೋಳಿಗಿ ಉಂಡು ಬರೂದು ಯಾತಕ್ಕರಿ? ಖರ್ಚಿಗೆ ರೊಕ್ಕಾ ಕಳಸ್ತೀನಿ ಅಂದ್ರೂ ಒಲ್ಲೆ ಅಂತಾರ" ಎಂದ. ಹುಡುಗ ಉದ್ಧಟನಲ್ಲ; ಕೇಳುವಾಗ ಅವನ ಕಣ್ಣಲ್ಲಿ ನೋವಿತ್ತು. ಆ ಕ್ಷಣಕ್ಕೆ ನಾವು ಏನೂ ಹೇಳಲಿಲ್ಲ. ಪ್ರಶ್ನೆ ಅವನೊಬ್ಬನದಲ್ಲ, ಇಲ್ಲಿ ಕುಳಿತ ಅನೇಕರ ಮನೆಯದು. ಆದುದರಿಂದ ಇಂದಿನ ಮಾತನ್ನು ಅದಕ್ಕೇ ಮೀಸಲಿಡೋಣ.

ಆಶ್ವಯುಜ, ಕಾರ್ತಿಕ ಈ ಎರಡು ಮಾಸಗಳು ಶರದೃತು. ಮೋಡ ಹಗುರಾಗುತ್ತದೆ, ಹಳ್ಳದ ನೀರು ತಿಳಿಯಾಗುತ್ತದೆ, ಹೊಳೆಯ ದಂಡೆಯಲ್ಲಿ ಕಾಶದ ಹುಲ್ಲು ಬೆಳ್ಳಗೆ ಹೂ ಬಿಡುತ್ತದೆ. ಜಪಾನಿನಂಥ ಶೀತದೇಶಗಳಲ್ಲಿ ಇದೇ ಋತುವಿನಲ್ಲಿ ಮರದ ಎಲೆಗಳು ಕೆಂಪಾಗುತ್ತವೆ. ಅದನ್ನು ನೋಡಲೆಂದೇ ಜನ ಬುತ್ತಿ ಕಟ್ಟಿಕೊಂಡು ಬೆಟ್ಟಕ್ಕೆ ಹೋಗುವುದು ಅಲ್ಲಿ ಶತಮಾನಗಳ ಪದ್ಧತಿ. ನಮ್ಮ ಶರತ್ತು ಎಲೆ ಉದುರುವ ಕಾಲವಲ್ಲ. ಮೂರು ತಿಂಗಳ ಮಳೆಯಲ್ಲಿ ಮಿಂದ ಎಲೆ ಬಿಸಿಲಿಗೆ ಮೈಯೊಡ್ಡಿ ಮಿನುಗುವ ಕಾಲ. ಆದರೂ ಮನೆಬಿಟ್ಟು ಬಯಲಿಗೆ ಹೋಗಬೇಕೆಂಬ ಆಸೆ ಮನುಷ್ಯನಿಗೆ ಎಲ್ಲ ದೇಶದಲ್ಲೂ ಒಂದೇ.

ಈ ಆಸೆಗೆ ನಮ್ಮ ದೇಶದಲ್ಲಿ ಒಂದು ಲೌಕಿಕ ಕಾರಣವೂ ಉಂಟು. ರಘುವಂಶದ ನಾಲ್ಕನೆಯ ಸರ್ಗದಲ್ಲಿ ರಘುವಿನ ದಿಗ್ವಿಜಯ ಆರಂಭವಾಗುವುದು ಶರತ್ತಿನಲ್ಲೇ. ಹೊಳೆಗಳನ್ನು ದಾಟಬಹುದು, ದಾರಿಯ ಕೆಸರು ಒಣಗಿದೆ. ಅರಸನ ಮನಸ್ಸಿನಲ್ಲಿ ಉತ್ಸಾಹ ಹುಟ್ಟುವ ಮೊದಲೇ ಋತುವೇ ಅವನನ್ನು ಯಾತ್ರೆಗೆ ಹೊರಡಿಸಿತು ಎಂಬ ಭಾವದಲ್ಲಿ ಕಾಳಿದಾಸ ವರ್ಣಿಸುತ್ತಾನೆ. ದಾರಿ ತೆರೆದಾಗ ಸೈನ್ಯ ಹೊರಡುತ್ತದೆ, ವರ್ತಕ ಹೊರಡುತ್ತಾನೆ, ಜಾತ್ರೆಯ ಬಂಡಿಗಳೂ ಹೊರಡುತ್ತವೆ. ಆಯುಧಪೂಜೆ, ಸೀಮೋಲ್ಲಂಘನಗಳು ಈ ಋತುವಿಗೇ ಏಕೆ ಬಂದವೆಂಬುದಕ್ಕೆ ಬೇರೆ ಭಾಷ್ಯ ಬೇಕಿಲ್ಲ.

ಶರತ್ಕಾಲದ ಹುಣ್ಣಿಮೆಯ ಉತ್ಸವಕ್ಕೆ ಸಂಸ್ಕೃತದಲ್ಲಿ ಕೌಮುದೀಮಹೋತ್ಸವ ಎಂದು ಹೆಸರು. ವೈಯಾಕರಣರು ಕೌಮುದಿ ಶಬ್ದವನ್ನು ಕುಮುದ ಅಂದರೆ ನೈದಿಲೆಯಿಂದ ಸಾಧಿಸುತ್ತಾರೆ. ಪೌರಾಣಿಕರ ನಿರುಕ್ತಿ ಬೇರೆ. 'ಕು' ಎಂದರೆ ಭೂಮಿ, 'ಮುದ' ಎಂದರೆ ಹರ್ಷ. ಭೂಮಿಯ ಮೇಲೆ ಜನ ಹರ್ಷಪಡುವ ದಿನವೇ ಕೌಮುದಿ. ವ್ಯಾಕರಣ ಓದಿದ ನಮಗೆ ಮೊದಲನೆಯದೇ ಸರಿ ಎಂದು ಗೊತ್ತು. ಆದರೂ ಎರಡನೆಯದನ್ನು ಬಿಡಲು ಮನಸ್ಸು ಬಾರದು. ಆ ರಾತ್ರಿಯ ಜಾಗರವನ್ನೂ ನಾಗರಿಕರು ಗುಂಪಾಗಿ ಉದ್ಯಾನಗಳಿಗೆ ಹೋಗಿ ದಿನ ಕಳೆದು ಬರುವುದನ್ನೂ ವಾತ್ಸ್ಯಾಯನ ಹೆಸರಿಸಿದ್ದಾನೆ. ಅವನ ಗ್ರಂಥವನ್ನು ಮಠದಲ್ಲಿ ಉದಾಹರಿಸುವ ರೂಢಿ ಇಲ್ಲ. ಇತಿಹಾಸಕ್ಕಾಗಿ ಹೇಳಿದೆವು, ಅಷ್ಟೆ.

ಇಂಥ ಕೂಟಗಳೆಲ್ಲ ಒಳ್ಳೆಯವೇ ಎಂದರೆ, ಆ ಸಂಶಯ ನಮ್ಮ ಹುಡುಗನಿಗಿಂತ ಮೊದಲೇ ದೊಡ್ಡವರಿಗೆ ಬಂದಿತ್ತು. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿ ತನ್ನ ಮೊದಲನೆಯ ಬಂಡೆಶಾಸನದಲ್ಲಿ 'ಸಮಾಜ'ಗಳನ್ನು ನಡೆಸಬಾರದೆಂದು ಆಜ್ಞಾಪಿಸಿದ. ಸಮಾಜ ಎಂದರೆ ಆಗ ಜನ ಸೇರುವ ಉತ್ಸವಕೂಟ. ಅದರಲ್ಲಿ ಬಹಳ ದೋಷ ಕಾಣುತ್ತೇನೆ ಎನ್ನುತ್ತಾನೆ. ಜೊತೆಗೇ ತನಗೆ ಸಮ್ಮತವಾದ ಕೆಲವು ಸಮಾಜಗಳೂ ಇವೆ ಎನ್ನುತ್ತಾನೆ. ನಮ್ಮ ಬಳ್ಳಾರಿ ಸೀಮೆಯಿಂದ ಬಹಳ ದೂರವಿಲ್ಲದ, ಆಂಧ್ರದ ಎರ್ರಗುಡಿಯ ಬಂಡೆಯ ಮೇಲೂ ಈ ಶಾಸನಮಾಲೆ ಇದೆ. ಪ್ರಾಣಿವಧೆಯ ನಿಷೇಧ ಅದೇ ಶಾಸನದಲ್ಲಿ ಬರುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಇನ್ನೊಂದು ಪ್ರಸಂಗ ಇದೆ. ಚಂದ್ರಗುಪ್ತನು ಪಾಟಲಿಪುತ್ರದಲ್ಲಿ ಕೌಮುದೀಮಹೋತ್ಸವಕ್ಕೆ ಅಪ್ಪಣೆ ಕೊಟ್ಟಿದ್ದಾನೆ. ಅರಮನೆಯ ಮೇಲೆ ಹತ್ತಿ ನೋಡಿದರೆ ಬೀದಿಯಲ್ಲಿ ಸಡಗರವೇ ಇಲ್ಲ, ಚಾಣಕ್ಯ ತಡೆದಿದ್ದಾನೆ. ಕಾರಣ ಕೇಳಿದಾಗ, ಶತ್ರು ದಂಡೆತ್ತಿ ಬರುವ ಹೊತ್ತು, ಇದು ಕೋಟೆ ಸಜ್ಜು ಮಾಡುವ ಕಾಲ, ಹಬ್ಬದ ಕಾಲವಲ್ಲ ಎಂಬ ಉತ್ತರ. ಅವರ ಜಗಳ ನಟನೆಯದು, ಅದು ಬೇರೆ ಮಾತು. ಕೊಟ್ಟ ಕಾರಣ ಮಾತ್ರ ನಿಜವಾದದ್ದು: ಕಷ್ಟ ಬಂದಾಗ ಹಬ್ಬ ನಿಲ್ಲಬೇಕು. ನಮ್ಮ ಹುಡುಗ ಹೇಳುವುದೂ ಇದನ್ನೇ. ಅವನು ಚಾಣಕ್ಯನ ಪಕ್ಷದವನು.

ಇನ್ನು ನಮ್ಮ ನಾಡಿಗೆ ಬರೋಣ. ಶರತ್ಕಾಲದ ರಾಜೋತ್ಸವ ವಿಜಯನಗರದಲ್ಲಿ ನಡೆದಷ್ಟು ವೈಭವದಿಂದ ಮತ್ತೆಲ್ಲೂ ನಡೆದಿರಲಾರದು. 1443ರಲ್ಲಿ ಬಂದ ಪಾರಸೀಕ ರಾಯಭಾರಿ ಅಬ್ದುಲ್ ರಜಾಕ್ ಅದನ್ನು ಕಂಡು ಬೆರಗಾದ. 1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗೀಸರ ಡೊಮಿಂಗೊ ಪೇಸ್ ಕಣ್ಣಾರೆ ಕಂಡು ದಿನದಿನದ ವಿವರ ಬರೆದಿಟ್ಟಿದ್ದಾನೆ. ಜಟ್ಟಿಗಳ ಕಾಳಗ, ನರ್ತಕಿಯರ ಕುಣಿತ, ರಾತ್ರಿಯೆಲ್ಲ ಬಾಣಬಿರುಸು. ಮೈಮೇಲಿನ ಚಿನ್ನದ ಭಾರಕ್ಕೆ ನಡೆಯಲಾಗದ ಹೆಂಗಸರನ್ನು ಬೇರೆ ಹೆಂಗಸರು ತೋಳು ಹಿಡಿದು ನಡೆಸುತ್ತಿದ್ದರಂತೆ! ಹಂಪಿಗೆ ಹೋದವರು ಮಹಾನವಮಿ ದಿಬ್ಬದ ಸುತ್ತಿನ ಕಲ್ಲುಗಳಲ್ಲಿ ಜಟ್ಟಿಗಳನ್ನೂ ಬೇಟೆಯನ್ನೂ ಕುಣಿಯುವವರನ್ನೂ ಇಂದಿಗೂ ನೋಡಬಹುದು.

ಹಬ್ಬದ ನಂತರ ಊರ ಹೊರಗಿನ ಬಯಲಿನಲ್ಲಿ ಸೈನ್ಯದ ಪರಿವೀಕ್ಷಣೆ. ಅಲ್ಲಿ ಅರಸ ಬಿಲ್ಲು ಹಿಡಿದು ಮೂರು ಬಾಣ ಬಿಡುತ್ತಿದ್ದ: ಒಂದು ಬಿಜಾಪುರದವನ ಹೆಸರಿಗೆ, ಒಂದು ಗೋಲ್ಕೊಂಡದವನ ಹೆಸರಿಗೆ, ಇನ್ನೊಂದು ಪೋರ್ಚುಗೀಸರ ಹೆಸರಿಗೆ. ಯಾವ ಬಾಣ ದೂರ ಹೋಗಿ ಬೀಳುವುದೋ ಆ ದಿಕ್ಕಿನ ರಾಜ್ಯದ ಮೇಲೆ ಯುದ್ಧ. ಇದು ಪೇಸನ ಮಾತು. ರಘುವಂಶದ ಶರತ್ತೇ ಇಲ್ಲಿಗೆ ಬಂದಂತಾಯಿತು.

ಈ ವೈಭವದ ಕಥೆ ಹೇಳುವವರು ಎರಡು ಸಂಗತಿಗಳನ್ನು ಸಾಮಾನ್ಯವಾಗಿ ಬಿಡುತ್ತಾರೆ. ನಾವು ಬಿಡುವುದಿಲ್ಲ. ಮೊದಲನೆಯದು ಬಲಿ. ಕಡೆಯ ದಿನ 250 ಕೋಣ, 4,500 ಕುರಿಗಳನ್ನು ಕಡಿದರೆಂದು ಪೇಸ್ ಲೆಕ್ಕ ಕೊಡುತ್ತಾನೆ. ಓದಿದಾಗ ಆ ದಿಬ್ಬದ ಮೆಟ್ಟಿಲು ಹತ್ತಲು ನಮಗೆ ಕಾಲು ಹಿಂಜರಿದದ್ದು ನಿಜ. ಎರಡನೆಯದು ಕಂದಾಯ. 1535ರ ಸುಮಾರಿಗೆ ಬರೆದ ಫರ್ನಾವೊ ನೂನಿಜ್ ಹೇಳುವಂತೆ, ನಾಯಕರು ಅರಸನಿಗೆ ಸಲ್ಲಿಸಬೇಕಾದ ಹಣ ತಂದೊಪ್ಪಿಸುತ್ತಿದ್ದದ್ದು ಈ ಒಂಬತ್ತು ದಿನಗಳಲ್ಲೇ. ಆ ಹಣ ಬರುತ್ತಿದ್ದದ್ದು ಹೊಲದಿಂದ. ಒಕ್ಕಲಿಗ ಬೆಳೆದ ಹತ್ತು ಪಾಲಿನಲ್ಲಿ ಒಂಬತ್ತು ಒಡೆಯನಿಗೇ ಹೋಗುತ್ತಿತ್ತು ಎಂದೂ ಅವನೇ ಬರೆಯುತ್ತಾನೆ. ಪರದೇಶದವನ ಲೆಕ್ಕ ಅತಿಯಾಗಿರಬಹುದು; ಅರ್ಧ ಎಂದೇ ಇಟ್ಟುಕೊಳ್ಳಿ. ಚಿನ್ನದ ಭಾರಕ್ಕೆ ತೋಳಿನ ಆಸರೆ ಬೇಕಾದ ಆ ಹೆಂಗಸರ ಕಾಲ ಕೆಳಗೆ ಯಾರ ಬೆನ್ನಿತ್ತು ಎಂಬುದು ತಿಳಿಯುತ್ತದೆ.

1565ರ ಜನವರಿಯಲ್ಲಿ ಯುದ್ಧ ಸೋತಿತು, ಪಟ್ಟಣ ಹಾಳಾಯಿತು, ದಿಬ್ಬದ ಮೇಲೆ ಮತ್ತೆ ದೀಪ ಹಚ್ಚುವವರಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ನವರಾತ್ರಿಯ ಉತ್ಸವವನ್ನು ಕೈಗೆತ್ತಿಕೊಂಡರು. ಮುಂದೆ ಅದು ಮೈಸೂರಿಗೆ ಬಂತು. 1971ರಲ್ಲಿ ರಾಜಧನ ರದ್ದಾಯಿತು. ಅರಸರು ಕೂಡುತ್ತಿದ್ದ ಅಂಬಾರಿಯಲ್ಲಿ ಈಗ ಚಾಮುಂಡೇಶ್ವರಿಯ ಮೂರ್ತಿ ಸಾಗುತ್ತದೆ. ಅರಸನ ಹಬ್ಬಕ್ಕೆ ಅರಸು ಬೇಕು, ಬೊಕ್ಕಸ ಬೇಕು. ಅವು ಕುಸಿದರೆ ಹಬ್ಬ ಊರು ಬದಲಿಸುತ್ತದೆ, ವೇಷ ಬದಲಿಸುತ್ತದೆ.

ಇನ್ನೈದು ದಿನಕ್ಕೆ ನೀವೆಲ್ಲ ಬನ್ನಿ ಮುಡಿಯುವವರು. ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುವಿರಿ. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಶಮೀವೃಕ್ಷದಲ್ಲಿ ಇಟ್ಟ ಕಥೆ ವಿರಾಟಪರ್ವದ್ದು, ಎಲ್ಲರಿಗೂ ಗೊತ್ತು. ಎಲೆ ಬಂಗಾರವಾದ ಕಥೆ ಬೇರೆ. ಕೌತ್ಸನೆಂಬ ಶಿಷ್ಯನಿಗೆ ಗುರುದಕ್ಷಿಣೆಗೆ ಹದಿನಾಲ್ಕು ಕೋಟಿ ಹೊನ್ನು ಬೇಕಾಗಿತ್ತು. ರಘು ಆಗಲೇ ಯಾಗದಲ್ಲಿ ಸರ್ವಸ್ವವನ್ನೂ ದಾನಮಾಡಿ ಮಣ್ಣಿನ ಪಾತ್ರೆ ಹಿಡಿದಿದ್ದ. ಕುಬೇರ ಹೊನ್ನಿನ ಮಳೆ ಕರೆದ. ಎಲ್ಲವನ್ನೂ ತೆಗೆದುಕೋ ಎಂದು ರಘು. ಗುರುವಿಗೆ ಬೇಕಾದಷ್ಟೇ ಸಾಕು ಎಂದು ಕೌತ್ಸ. ಕಾಳಿದಾಸನಲ್ಲಿ ಹೊನ್ನು ಸುರಿಯುವುದು ಕೋಶಗೃಹದಲ್ಲಿ, ಮರದ ಸುದ್ದಿಯೇ ಇಲ್ಲ. ಮರವನ್ನು ತಂದವರು ಜನ. ಇಬ್ಬರೂ ಒಲ್ಲೆನೆಂದ ಹೊನ್ನು ಉಳಿಯಿತಲ್ಲ, ಅದು ಮರದಡಿ ಬಿದ್ದು ಊರವರ ಪಾಲಾಯಿತು ಎಂದು ಕಥೆ ಬೆಳೆಸಿದರು. ಹೊನ್ನನ್ನು ಎಲೆಯನ್ನಾಗಿ ಮಾಡಿದ ಮೇಲೆ ಯಾವ ನಾಯಕನೂ ಅದನ್ನು ಕಂದಾಯಕ್ಕೆ ಕೇಳಲಾರ! ಬನ್ನಿ ಗಿಡವೂ ಒಕ್ಕಲಿಗನದೇ. ಬೇರು ಆಳಕ್ಕೆ ಇಳಿಯುತ್ತದೆ, ಬಿರುಬೇಸಗೆಯಲ್ಲೂ ಹಸಿರು, ಸೊಪ್ಪು ಆಡಿಗೆ ಮೇವು, ಅದರ ಕೆಳಗೆ ಬೆಳೆ ಕುಗ್ಗುವುದಿಲ್ಲ. ಹೊಲದ ಬದುವಿನಲ್ಲಿ ಅದನ್ನು ಕಡಿಯದೆ ಬಿಟ್ಟ ಹಿರಿಯರು ಪುರಾಣವನ್ನಷ್ಟೇ ನಂಬಿದವರಲ್ಲ.

ಆ ಬನ್ನಿಯ ಬುಡಕ್ಕೇ ಸೀಗಿ ಹುಣ್ಣಿಮೆಯ ಬಂಡಿ ಹೋಗಿ ನಿಲ್ಲುವುದು. ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ರಘುವಂಶದ ಶರದ್ವರ್ಣನೆ ನಡೆದ ವಾರವೇ ಈ ಹುಣ್ಣಿಮೆ ಬಂತು. ನಮಗೆ ಅನ್ವಯ ಹೇಳಲು ಬಾರದೆ ತೊದಲುತ್ತಿದ್ದೆವು. ಶಾಸ್ತ್ರಿಗಳು ಪುಸ್ತಕ ಮುಚ್ಚಿಸಿ, ಊರವರ ಬಂಡಿಯಲ್ಲಿ ನಮ್ಮನ್ನು ಹತ್ತಿಸಿ ಕಳಿಸಿದರು. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡಬು, ಪುಂಡಿ ಪಲ್ಯ, ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಮೊಸರನ್ನ. ಗಿಡದ ಕೆಳಗೆ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ. ಆಮೇಲೆ, ಯಾರೂ ಒಂದು ತುತ್ತು ಉಣ್ಣುವ ಮೊದಲು, ಎಲ್ಲ ಅಡಿಗೆಯನ್ನೂ ಕಲಸಿ ಹೊಲದ ತುಂಬ ಚೆಲ್ಲುವುದು. ಅದೇ ಚರಗ. ಭೂತಾಯಿ ಬಸುರಿ, ಬಸುರಿಯ ಬಯಕೆ ತೀರಿಸಬೇಕು. ಮಲೆನಾಡಿನಲ್ಲಿ ಇದೇ ದಿನ ಭೂಮಿ ಹುಣ್ಣಿಮೆ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಿಂದ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ಹೊತ್ತು, ಹಲವು ಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿಯನ್ನು ಬೆಳಕು ಹರಿಯುವ ಮುನ್ನ ಗದ್ದೆಗೆ ಬೀರುತ್ತಾರೆ. ಸಾಗರ, ಸೊರಬದ ಕಡೆಯ ದೀವರ ಹೆಣ್ಣುಮಕ್ಕಳ ಆ ಚಿತ್ತಾರ ನೋಡಿದವರು ಮರೆಯಲಾರರು. ಹಿಂದೆ ಹೇಳಿದ ಪೌರಾಣಿಕರ ನಿರುಕ್ತಿ ಈಗ ನೆನಪಿಗೆ ಬರುತ್ತದೆಯೆ? ಭೂಮಿ ಹುಣ್ಣಿಮೆ ಎಂದರೂ ಕೌಮುದಿ ಎಂದರೂ ಮಾತು ಒಂದೇ ಆಯಿತು. ನಮ್ಮ ಒಕ್ಕಲಿಗರಿಗೆ ಆ ಶ್ಲೋಕ ಯಾರೂ ಹೇಳಿಕೊಟ್ಟಿರಲಿಲ್ಲ.

ಅರಸನ ಹಬ್ಬದಲ್ಲಿ ಹೊಲದಿಂದ ಅರಮನೆಗೆ ಸಾಗುತ್ತಿತ್ತು. ಇಲ್ಲಿ ಮನೆಯಿಂದ ಹೊಲಕ್ಕೆ ಹೋಗುತ್ತದೆ. ಚಾಣಕ್ಯನ ಮಾತು ಈ ಹಬ್ಬಕ್ಕೆ ಅನ್ವಯಿಸದಿರುವುದು ಅದಕ್ಕೇ. 1972ರ ಬರವನ್ನು ಕಂಡ ಹಿರಿಯರು ಇಲ್ಲಿಯೂ ಕೆಲವರಿದ್ದಾರೆ. ಆ ವರ್ಷ ಹೋಳಿಗೆ ಇಲ್ಲ, ಕಡಬು ಇಲ್ಲ, ಎತ್ತಿಗೆ ಮೇವೇ ಇಲ್ಲದೆ ಬಂಡಿಯೂ ಇಲ್ಲ. ನಮ್ಮ ಪೂರ್ವಾಶ್ರಮದ ಹಿರಿಯರು ನುಚ್ಚಿನ ಗಡಿಗೆ ತಲೆಯ ಮೇಲಿಟ್ಟುಕೊಂಡು ನಡೆದು ಹೋಗಿ, ಬಿರುಕು ಬಿಟ್ಟ ಎರೆಯ ಮೇಲೆ ನಾಲ್ಕು ಹಿಡಿ ಚೆಲ್ಲಿ ಬಂದರಂತೆ. ಆಗ ತಾಯಿ ಬಸುರಿಯಾಗಿರಲಿಲ್ಲವಲ್ಲ ಎಂದು ನಾವು ಬಾಲಬುದ್ಧಿಯಿಂದ ಕೇಳಿದ್ದೆವು. "ಹಡೀಲಿಲ್ಲಂತ ತಾಯಿಗೆ ಉಣ್ಣಾಕ ಹಾಕೂದು ಬಿಡ್ತಾರೇನೋ ತಮ್ಮಾ?" ಎಂದಿದ್ದರು.

ಈಗ ಬಂಡಿಯ ಬದಲು ಟ್ರ್ಯಾಕ್ಟರು ಬಂದಿದೆ. ಬರಲಿ, ಅದರಿಂದ ಕೆಟ್ಟದ್ದೇನೂ ಇಲ್ಲ. ಹೋಳಿಗೆ ಅಂಗಡಿಯಿಂದ ಬಂದರೂ ನಾವು ಬೇಡವೆನ್ನೆವು. ಅಷ್ಟೆಲ್ಲ ರೊಕ್ಕದಿಂದ ಆಗುವ ಕೆಲಸವೇ.

ಇಂದು ಬೆಳಿಗ್ಗೆ ಆ ಹುಡುಗನನ್ನು ಕರೆಸಿ ಒಂದೇ ಮಾತು ಕೇಳಿದೆವು: "ಚರಗ ಹೆಂಗ ಚೆಲ್ಲತಾರ, ನೋಡೀಯೇನಪ್ಪ?" ಸಣ್ಣವನಿದ್ದಾಗ ನೋಡಿದ್ದೆ ಎಂದ. ನೆನಪು ಮಾಡಿಕೊಂಡು ಹೇಳು ಎಂದೆವು. ಅಪ್ಪ ಮುಂದೆ ಕೂಗುತ್ತ ಚೆಲ್ಲುತ್ತಿದ್ದರು, ತಾನು ತಂಬಿಗೆ ಹಿಡಿದು ಹಿಂದೆ ಹಿಂದೆ ನೀರು ಹಾಕುತ್ತಿದ್ದೆ ಎಂದ. ಮೊನ್ನೆ ಮೊನ್ನೆಯವರೆಗೆ ಆ ತಂಬಿಗೆ ಹಿಡಿಯುತ್ತಿದ್ದವರು ಅವನ ತಾಯಿ. ಅವರು ಲಿಂಗೈಕ್ಯರಾಗಿ ಇನ್ನೂ ವರ್ಷ ತುಂಬಿಲ್ಲ.

ಹುಡುಗ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ಎದ್ದು ಹೋದ. ಹುಣ್ಣಿಮೆಗೆ ಇನ್ನೂ ಹತ್ತು ದಿನ ಇದೆ.