ಸೋಲುವುದನ್ನು ನೋಡಲು ಬಂದವರು

1940ರ ದಶಕದ ಕೊನೆಯ ವರ್ಷಗಳಲ್ಲಿ ಲಾಸ್ ಏಂಜಲೀಸಿನ ಒಲಿಂಪಿಕ್ ಆಡಿಟೋರಿಯಂನಲ್ಲಿ ಗಾರ್ಜಸ್ ಜಾರ್ಜನ ಕುಸ್ತಿ ಇದ್ದ ದಿನ, ಮೊದಲ ಪಟ್ಟು ಬೀಳುವ ಮುಂಚೆಯೇ ಅರ್ಧ ಆಟ ಮುಗಿದಿರುತ್ತಿತ್ತು. ಎದುರಾಳಿ ಆಗಲೇ ರಿಂಗಿನ ಮೂಲೆಯಲ್ಲಿ ನಿಂತು ಕಾಯುತ್ತಿದ್ದ. ಅಮೆರಿಕದ ಕಾಲೇಜುಗಳಲ್ಲಿ ಪದವಿ ಪ್ರದಾನದ ದಿನ ನುಡಿಸುವ ಎಲ್ಗರನ ಗಂಭೀರ ವಾದ್ಯಸಂಗೀತ ಮೊಳಗುತ್ತಿತ್ತು. ಮೊದಲು ಬರುವವನು ಉದ್ದ ಕೋಟಿನ ಪರಿಚಾರಕ, ಕೈಯಲ್ಲಿ ಬೆಳ್ಳಿ ತಟ್ಟೆ. ರಿಂಗಿನ ನೆಲಕ್ಕೆ, ಎದುರಾಳಿ ನಿಂತ ಮೂಲೆಗೆ, ಕೊನೆಗೆ ರೆಫರಿಯ ಕೈಗೂ ಅವನು ಪಿಚಕಾರಿಯಿಂದ ಸೆಂಟು ಹೊಡೆಯುತ್ತಿದ್ದ. ಆಮೇಲೆ ಜಾರ್ಜನ ಪ್ರವೇಶ: ಮಿಂಚು ಹೊಲಿದ ಉದ್ದನೆಯ ನಿಲುವಂಗಿ, ಬಣ್ಣ ತೆಗೆಸಿ ಸುರುಳಿ ಸುತ್ತಿಸಿದ ಹೊಂಬಿಳಿ ಕೂದಲು, ಯಾರಿಗೂ ದಾರಿ ಬಿಡದ ನಿಧಾನದ ನಡಿಗೆ. ಕೂದಲಿಗೆ ಸಿಕ್ಕಿಸಿದ ಚಿನ್ನದ ಬಣ್ಣದ ಹೇರ್‌ಪಿನ್ನುಗಳನ್ನು ಒಂದೊಂದಾಗಿ ತೆಗೆದು ಜನರತ್ತ ಎಸೆಯುತ್ತಿದ್ದ. ನಿಯಮದಂತೆ ಮೈ ತಡವಿ ನೋಡಲು ರೆಫರಿ ಹತ್ತಿರ ಬಂದರೆ, ಆ ಕೊಳಕು ಕೈಯಿಂದ ಮುಟ್ಟಬೇಡವೆಂದು ಕಿರುಚುತ್ತಿದ್ದ. ಸಭಾಂಗಣಕ್ಕೆ ಸಭಾಂಗಣವೇ ಎದ್ದು ನಿಂತು ಅವನಿಗೆ ಛೀಮಾರಿ ಹಾಕುತ್ತಿತ್ತು. ಹಾಗೆ ಕೂಗಿದವರೆಲ್ಲ ಟಿಕೆಟ್ಟಿಗೆ ದುಡ್ಡು ಕೊಟ್ಟು ಬಂದವರು. ಮುಂದಿನ ಸಲವೂ ಬರುವವರು.

ಇಷ್ಟೊಂದು ಹಗೆ ಹುಟ್ಟಿಸುವ ಮನುಷ್ಯನನ್ನು ನೋಡಲು ಜನ ಮತ್ತೆ ಮತ್ತೆ ಯಾಕೆ ಬಂದರು? ಕೆಟ್ಟತನಕ್ಕೆ ಅದರದೇ ಸೆಳೆತವಿದೆ ಎಂಬುದು ಸುಲಭವಾಗಿ ಸಿಗುವ ಉತ್ತರ. ಆದರೆ ಅದು ಸರಿಯಾದ ಉತ್ತರವಲ್ಲ. ಕುಸ್ತಿಯ ಖಳನ ಆಕರ್ಷಣೆ ಅವನ ಕೆಟ್ಟತನದಲ್ಲಿ ಇರಲಿಲ್ಲ, ಅವನು ಪ್ರೇಕ್ಷಕನ ಕೈಗೆ ಕೊಟ್ಟ ಕೆಲಸದಲ್ಲಿತ್ತು. ಹಗಲೆಲ್ಲ ಕಾರ್ಖಾನೆಯಲ್ಲೋ ಅಡುಗೆಮನೆಯಲ್ಲೋ ಬಾಯಿ ಮುಚ್ಚಿಕೊಂಡು ದುಡಿದವರಿಗೆ ಅವನು ಒಂದು ಸಂಜೆಯ ಮಟ್ಟಿಗೆ ತೀರ್ಪು ಹೇಳುವ ಅಧಿಕಾರ ಒಪ್ಪಿಸುತ್ತಿದ್ದ. ಒಳ್ಳೆಯ ಪೈಲ್ವಾನನನ್ನು ನೋಡಿ ಚಪ್ಪಾಳೆ ತಟ್ಟಬಹುದು, ಅಷ್ಟಕ್ಕೆ ಪ್ರೇಕ್ಷಕನ ಪಾತ್ರ ಮುಗಿಯಿತು. ಖಳ ಎದುರಿಗಿದ್ದರೆ ಹಾಗಲ್ಲ. ರೆಫರಿಗೆ ಕಾಣದ ಮೋಸ ಗ್ಯಾಲರಿಗೆ ಕಾಣುತ್ತದೆ; ಕೂಗಿ ಹೇಳುವ ಹೊಣೆ ಗ್ಯಾಲರಿಯದೇ ಆಗುತ್ತದೆ.

ಈ ಪಾತ್ರ ಹುಟ್ಟಿದ್ದಕ್ಕೆ ಕಸುಬಿನ ಒಳಗಿನ ಕಾರಣವೂ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿ ವೃತ್ತಿ ಕುಸ್ತಿಯೆಂದರೆ ಇಬ್ಬರು ಬಲಶಾಲಿಗಳು ಗಂಟೆಗಟ್ಟಲೆ ಒಬ್ಬರನ್ನೊಬ್ಬರು ಹಿಡಿದು ನೆಲದ ಮೇಲೆ ಬಿದ್ದಿರುವ ಆಟ. ಬಲ್ಲವರಿಗೆ ಅದು ರಸ, ಉಳಿದವರಿಗೆ ಬೇಸರ. 1920ರ ದಶಕದಲ್ಲಿ ಎಡ್ 'ಸ್ಟ್ರಾಂಗ್ಲರ್' ಲೂಯಿಸ್, ಬಿಲ್ಲಿ ಸ್ಯಾಂಡೋ, ಟೂಟ್ಸ್ ಮಾಂಟ್ ಎಂಬ ಮೂವರು ಸೇರಿ ಈ ಆಟವನ್ನು ಚುರುಕುಗೊಳಿಸಿದರು. ಬಾಕ್ಸಿಂಗಿನ ಹೊಡೆತ, ಸರ್ಕಸ್ಸಿನ ಹಾರಾಟ ಬೆರೆತವು; ಯಾರು ಗೆಲ್ಲಬೇಕೆಂಬುದನ್ನು ಮೊದಲೇ ಗೊತ್ತುಮಾಡುವುದು ರೂಢಿಯಾಯಿತು. ಫಲಿತಾಂಶವೇ ನಿಗದಿಯಾದ ಮೇಲೆ ಜನರನ್ನು ಕುರ್ಚಿಯ ತುದಿಯಲ್ಲಿ ಕೂರಿಸುವುದು ಹೇಗೆ? ಕಥೆ ಬೇಕಾಯಿತು, ಕಥೆಗೆ ಕೆಟ್ಟವನೊಬ್ಬ ಬೇಕಾದ. ಕಸುಬಿನವರ ಮಾತಿನಲ್ಲಿ ಅವನು 'ಹೀಲ್', ಒಳ್ಳೆಯವನು 'ಬೇಬಿಫೇಸ್'. ನಮ್ಮ ಗರಡಿಯ ಕುಸ್ತಿಯಲ್ಲಿ ಈ ಭೇದಕ್ಕೆ ಜಾಗವೇ ಇಲ್ಲ. ಮಟ್ಟಿಗೆ ಇಳಿಯುವ ಇಬ್ಬರೂ ಹನುಮಂತನಿಗೆ ಕೈಮುಗಿದವರು, ಅದೇ ಕೆಮ್ಮಣ್ಣು ಮೈಗೆ ಬಳಿದುಕೊಂಡವರು. ಭಾರತದ ಜನ ಹೀಲ್ ಎಂಬುವನನ್ನು ದೊಡ್ಡ ಪ್ರಮಾಣದಲ್ಲಿ ಕಂಡದ್ದು 1950ರ ದಶಕದ ಫ್ರೀಸ್ಟೈಲ್ ಕುಸ್ತಿಯಲ್ಲಿ. ಯುರೋಪಿನಿಂದ ಬಂದ ಎಮಿಲ್ ಜಾಯ 'ಕಿಂಗ್ ಕಾಂಗ್' ಎಂಬ ಹೆಸರಿನಲ್ಲಿ ತನ್ನ ಬೆಟ್ಟದಂಥ ಮೈ ಹೊತ್ತು ದಾರಾ ಸಿಂಗ್‌ಗೆ ಎದುರಾದಾಗ, ದಾರಾ ಸಿಂಗ್ ಅವನನ್ನು ಎತ್ತಿ ಒಗೆಯುವ ಗಳಿಗೆಗಾಗಿ ಜನ ಮೈದಾನ ತುಂಬಿದರು.

ಗಾರ್ಜಸ್ ಜಾರ್ಜ್ ಎಂದು ಹೆಸರಾದ ಜಾರ್ಜ್ ವ್ಯಾಗ್ನರ್ 1915ರಲ್ಲಿ ನೆಬ್ರಾಸ್ಕ ರಾಜ್ಯದಲ್ಲಿ ಹುಟ್ಟಿ, ಟೆಕ್ಸಾಸಿನ ಹ್ಯೂಸ್ಟನ್ನಿನ ಬಡ ಕೇರಿಯಲ್ಲಿ ಬೆಳೆದವನು. ಪಟ್ಟುಗಳನ್ನು ಚೆನ್ನಾಗಿ ಕಲಿತಿದ್ದ. ಆದರೆ ಆ ಕಸುಬಿನ ಅಳತೆಗೆ ಕುಳ್ಳ, ಮೈಯೂ ಅಂಥ ಭಾರಿಯಲ್ಲ. ಸಾಧಾರಣ ಚಡ್ಡಿ ತೊಟ್ಟು ಪ್ರಾಮಾಣಿಕವಾಗಿ ಕುಸ್ತಿಯಾಡಿದಷ್ಟು ಕಾಲ ಅವನ ಹೆಸರು ದೊಡ್ಡ ಊರುಗಳಿಗೆ ಮುಟ್ಟಲಿಲ್ಲ. 1939ರಲ್ಲಿ ಬೆಟ್ಟಿ ಹ್ಯಾನ್ಸನ್‌ಳನ್ನು ರಿಂಗಿನಲ್ಲೇ ಮದುವೆಯಾದ. ಅವನಿಗೆ ಬೆಡಗಿನ ನಿಲುವಂಗಿಗಳನ್ನು ಹೊಲಿದುಕೊಟ್ಟವಳು ಆಕೆಯೇ. ಆ ಬಟ್ಟೆಯನ್ನು ಅವನು ಎಚ್ಚರಿಕೆಯಿಂದ ಮಡಿಚಿಡುವಾಗ ಪ್ರೇಕ್ಷಕರು ರೇಗುವುದನ್ನು ಗಮನಿಸಿ, ಮಡಿಚುವುದನ್ನು ಇನ್ನಷ್ಟು ನಿಧಾನ ಮಾಡಿದನಂತೆ. ಅವನ ಇಡೀ ಕಲೆ ಅಷ್ಟರಲ್ಲೇ ಇದೆ. ಜನರಿಗೆ ಯಾವುದು ಸಹಿಸಲಾಗುವುದಿಲ್ಲವೋ ಅದನ್ನು ಅವರ ಕೂಗಿನಿಂದಲೇ ಕಲಿತು, ಅಳತೆ ನೋಡಿ ಹೆಚ್ಚಿಸುವುದು. ಬರುಬರುತ್ತಾ ಪಾತ್ರವನ್ನು ತಿದ್ದಿದವರೂ ಪ್ರೇಕ್ಷಕರೇ ಆದರು.

ಇಲ್ಲಿ ಫ್ರಾನ್ಸಿನ ರೋಲಾಂ ಬಾರ್ತ್ ನೆನಪಾಗುತ್ತಾನೆ. 1957ರಲ್ಲಿ ಬಂದ ಅವನ 'ಮಿಥಾಲಜೀಸ್' ಪುಸ್ತಕದ ಮೊದಲ ಲೇಖನ ಪ್ಯಾರಿಸ್ಸಿನ ಅಗ್ಗದ ಸಭಾಂಗಣಗಳ ಕುಸ್ತಿಯ ಬಗ್ಗೆಯೇ ಇದೆ. ಖಳ ಕ್ರೂರನಾಗಿರುವುದಕ್ಕಿಂತ ಹೆಚ್ಚಾಗಿ ಅವನ ಎರಡು ನಾಲಗೆ ಜನರನ್ನು ಕೆರಳಿಸುತ್ತದೆ ಎಂಬುದು ಬಾರ್ತನ ಸೂಕ್ಷ್ಮವಾದ ಗಮನಿಕೆ. ಹಗ್ಗಕ್ಕೆ ಆತುಕೊಂಡವನನ್ನು ಹೊಡೆಯಬಾರದೆಂಬ ನಿಯಮವನ್ನು ಖಳ ಈಗ ಮುರಿಯುತ್ತಾನೆ. ಎರಡು ನಿಮಿಷ ಬಿಟ್ಟು ತನಗೇ ಪೆಟ್ಟು ಬೀಳುವಾಗ ಅದೇ ಹಗ್ಗ ಹಿಡಿದು, ಅದೇ ನಿಯಮದ ಆಸರೆ ಕೇಳುತ್ತಾನೆ. ಇಂಥವರನ್ನು ನೋಡದ ಮನುಷ್ಯ ಯಾರಿದ್ದಾನೆ? ಸಾಲದ ಪತ್ರಕ್ಕೆ ಕಾನೂನು ತೋರಿಸಿ, ಕೂಲಿ ಕೊಡುವಾಗ ಕಾನೂನು ಮರೆಯುವ ಧಣಿಯನ್ನು ಬಡವರು ದಿನವೂ ಕಾಣುತ್ತಾರೆ. ಆದರೆ ಅವನಿಗೆ ಎದುರು ನಿಂತು ಕೂಗುವ ಹಾಗಿಲ್ಲ. ರಿಂಗಿನ ಖಳನಿಗೆ ಕೂಗಬಹುದು, ಕೂಗಿದ್ದಕ್ಕೆ ಕೆಲಸ ಹೋಗುವುದಿಲ್ಲ. ರೆಫರಿಯನ್ನು ಹತ್ತಿರ ಸೇರಿಸದ ಜಾರ್ಜ್, ಪೆಟ್ಟು ಬಿದ್ದ ಕೂಡಲೇ ಅದೇ ರೆಫರಿಯ ಬೆನ್ನ ಹಿಂದೆ ಅವಿತುಕೊಳ್ಳುತ್ತಿದ್ದುದು ಇದೇ ಮಾದರಿಯ ಆಟ.

ಇದೆಲ್ಲ ಟೆಲಿವಿಷನ್ನಿನ ಮಹಿಮೆ, ಖಳನದಲ್ಲ ಎಂದು ವಾದಿಸುವವರಿದ್ದಾರೆ. ವಾದದಲ್ಲಿ ಹುರುಳಿದೆ. ಜಾರ್ಜ್ ಮೊದಲು ಟೆಲಿವಿಷನ್ನಿನಲ್ಲಿ ಕಾಣಿಸಿಕೊಂಡದ್ದು 1947ರ ನವೆಂಬರ್ 11ರಂದು. ಆಗಿನ ಭಾರವಾದ ಕ್ಯಾಮೆರಾಗಳಿಗೆ ವಿಶಾಲ ಮೈದಾನದ ಆಟಗಳು ಕಷ್ಟ. ದೀಪ ಹಾಕಿದ ಚೌಕದೊಳಗಿನ ಕುಸ್ತಿ ಸುಲಭ, ಖರ್ಚೂ ಕಡಿಮೆ. 1950ರಲ್ಲಿ ಅಮೆರಿಕದ ನೂರು ಮನೆಗಳಲ್ಲಿ ಸುಮಾರು ಒಂಬತ್ತರಲ್ಲಿ ಮಾತ್ರ ಟೆಲಿವಿಷನ್ ಇತ್ತು, ಅಂಗಡಿಗಳ ಮುಂದೆಯೂ ಬಾರುಗಳಲ್ಲಿಯೂ ಜನ ನಿಂತು ನೋಡುತ್ತಿದ್ದರು. ಆದರೆ ಅದೇ ಕ್ಯಾಮೆರಾದ ಮುಂದೆ ನೂರಾರು ಪೈಲ್ವಾನರು ಬಂದು ಹೋದರು, ಮನೆಮಾತಾದವರು ಕೆಲವರೇ. ಇನ್ನೊಂದು ಕಡೆ, 1949ರ ಫೆಬ್ರವರಿಯಲ್ಲಿ ಇದೇ ಜಾರ್ಜನನ್ನು ಮುಂದಿಟ್ಟುಕೊಂಡು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿಗೆ ಹತ್ತು ವರ್ಷಕ್ಕೂ ಮಿಕ್ಕಿದ ಬಿಡುವಿನ ನಂತರ ಕುಸ್ತಿಯನ್ನು ಮರಳಿ ತಂದಾಗ ಬಹುಪಾಲು ಕುರ್ಚಿಗಳು ಖಾಲಿ ಉಳಿದವು. ಖ್ಯಾತಿಯೊಂದೇ ಸಾಲಲಿಲ್ಲ. ವಾರ ವಾರ ಅವನು ಯಾರಿಗೆ ಅನ್ಯಾಯ ಮಾಡಿದ ಎಂದು ಕಂಡು ಲೆಕ್ಕ ಇಟ್ಟುಕೊಂಡ ಜನ ಇದ್ದ ಊರಿನಲ್ಲಿ ಖಳ ಖಳನಾಗುತ್ತಾನೆ. ಆ ಲೆಕ್ಕವಿಲ್ಲದ ಊರಿನಲ್ಲಿ ಅವನು ವೇಷ ಹಾಕಿದ ಅಪರಿಚಿತ ಅಷ್ಟೇ.

ಜನ ಮೋಸಹೋದರು, ನಿಜವೆಂದು ನಂಬಿ ಸಿಟ್ಟಾದರು ಎಂಬುದು ಎರಡನೆಯ ಆಕ್ಷೇಪ. ಕೆಲವರು ನಂಬಿದ್ದರು, ಸಂಶಯವಿಲ್ಲ. ರಿಂಗಿನ ಪಕ್ಕ ಕೂತವರು ಹ್ಯಾಟಿನ ಪಿನ್ನಿನಿಂದ ಖಳರನ್ನು ಚುಚ್ಚಿದ್ದಾರೆ, ಉರಿಯುವ ಸಿಗರೇಟು ಒತ್ತಿದ್ದಾರೆ. 1957ರ ನವೆಂಬರ್‌ನಲ್ಲಿ ಡಿಕ್ ದ ಬ್ರೂಯಿಸರ್ ಎಂಬ ಖಳನ ಕುಸ್ತಿ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ದೊಂಬಿಯಾಗಿ ಮುಗಿದು, ನ್ಯೂಯಾರ್ಕಿನಲ್ಲಿ ಅವನು ಮುಂದೆಂದೂ ಕುಸ್ತಿಯಾಡದಂತೆ ನಿಷೇಧ ಬಿತ್ತು. ಆದರೆ ಗುಟ್ಟು ಅಷ್ಟೇನೂ ಗುಟ್ಟಾಗಿರಲಿಲ್ಲ. 1930ರ ದಶಕದಲ್ಲೇ ಪತ್ರಿಕೆಗಳು ಒಳಗಿನ ಏರ್ಪಾಡನ್ನು ಬಯಲಿಗೆಳೆದಿದ್ದವು. ನ್ಯೂಯಾರ್ಕ್ ರಾಜ್ಯ ಕುಸ್ತಿಯನ್ನು ಸ್ಪರ್ಧೆ ಎನ್ನದೆ ಪ್ರದರ್ಶನ ಎಂದೇ ಕರೆಯಬೇಕೆಂದು ಕಟ್ಟು ಮಾಡಿತ್ತು. ಗೊತ್ತಿದ್ದೂ ಜನ ಬಂದರು. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸಿ ಬಂದಾಗ ಒಳಗಿರುವವನು ನೆರೆಯೂರಿನ ಕಲಾವಿದನೆಂದು ಗೊತ್ತಿದ್ದೂ ಮಕ್ಕಳು ತಾಯಿಯ ಸೆರಗು ಹಿಡಿಯುತ್ತಾರೆ, ದೊಡ್ಡವರು ನೆಟ್ಟಗೆ ಕೂರುತ್ತಾರೆ. ಅರಿವು ಅನುಭವವನ್ನು ಕೆಡಿಸುವುದಿಲ್ಲ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ, ಅದನ್ನು ತಳ್ಳಿಹಾಕಲು ಬರುವುದಿಲ್ಲ. ಖಳನನ್ನು ತಯಾರಿಸಲು ಕುಸ್ತಿಯ ವ್ಯಾಪಾರಿಗಳು ಜನರ ಪೂರ್ವಗ್ರಹಗಳನ್ನೇ ಕಚ್ಚಾ ಸಾಮಗ್ರಿಯಾಗಿ ಬಳಸಿದರು. ಎರಡನೆಯ ಮಹಾಯುದ್ಧದ ನಂತರ ನಾಜಿ ಖಳರ ಸಾಲೇ ಬಂತು: ಫ್ರಿಟ್ಜ್ ವಾನ್ ಎರಿಕ್ ನಿಜದಲ್ಲಿ ಟೆಕ್ಸಾಸಿನ ಜ್ಯಾಕ್ ಆಡ್ಕಿಸನ್, ಹಾನ್ಸ್ ಶ್ಮಿಟ್ ಕೆನಡಾದ ಕ್ವಿಬೆಕ್ಕಿನ ಗಿ ಲರೋಸ್. ಅರಬ್ಬರ ವೇಷ ತೊಟ್ಟು ರಕ್ತ ಹರಿಸುತ್ತಿದ್ದ 'ಶೇಖ್' ಮಿಶಿಗನ್ನಿನಲ್ಲಿ ಹುಟ್ಟಿದ ಎಡ್ ಫರ್ಹಾತ್. ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವನು. ಪಂಜಾಬಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದ ಟೈಗರ್ ಜೀತ್ ಸಿಂಗ್ 1973ರಿಂದ ಜಪಾನಿನಲ್ಲಿ ಪೇಟ ಕಟ್ಟಿ ಕತ್ತಿ ಹಿಡಿದು ಖಳನಾದ. ಜಾರ್ಜನ ಹೆಣ್ಣು ನಡೆಯ ವೇಷವೂ ಆ ಕಾಲದ ಗಂಡಸರ ತಿರಸ್ಕಾರವನ್ನು ನೆಚ್ಚಿಕೊಂಡೇ ನಿಂತಿತ್ತು. ಅವನಿಗೆ ಬಿದ್ದ ಬೈಗುಳಗಳಲ್ಲಿ ಕೆಲವು ಬೇರೆ ಯಾರದೋ ಎದೆಗೆ ನಾಟುವಂಥವು. ಇದು ಈ ಕಸುಬಿನ ಮೇಲಿನ ಕಳಂಕ, ಹಾಗೆಂದೇ ಹೇಳಬೇಕು. ಆದರೂ ಒಂದು ಅಂತರ ಉಳಿಯುತ್ತದೆ. ನಾಜಿಯ ವೇಷದವನು ಬಾಯಿ ತೆರೆಯುವ ಮೊದಲೇ ತಪ್ಪಿತಸ್ಥ. ಅಲ್ಲಿ ಪ್ರೇಕ್ಷಕ ತೀರ್ಪು ಹೇಳುವುದಿಲ್ಲ, ಮನೆಯಿಂದಲೇ ತಂದಿರುತ್ತಾನೆ. ಜಾರ್ಜನನ್ನು ಜನ ಮುಖ್ಯವಾಗಿ ಹಗೆ ಮಾಡಿದ್ದು ಅವನ ಜಂಭಕ್ಕೆ, ಕಣ್ಣೆದುರಿನ ಮೋಸಕ್ಕೆ. ಹುಟ್ಟಿಗೆ ಬೀಳುವ ಹಗೆ ಒಂದೇ ರಾಗ ಹಾಡುತ್ತದೆ. ನಡತೆಗೆ ಬೀಳುವ ಹಗೆಯಲ್ಲಿ ಮೆಚ್ಚುಗೆಗೂ ಎಡೆಯಿದೆ, ಅದಕ್ಕೇ ಅದು ಹೆಚ್ಚು ಕಾಲ ಬಾಳುತ್ತದೆ.

ಆ ಮೆಚ್ಚುಗೆಯನ್ನು ಮರೆಮಾಚದ ದೇಶ ಮೆಕ್ಸಿಕೋ. ಅಲ್ಲಿಯ ಲೂಚಾ ಲೀಬ್ರೆ ಕುಸ್ತಿಯಲ್ಲಿ ಖಳನಿಗೆ 'ರೂಡೊ' ಎಂಬ ಹೆಸರು. ರೂಡೊಗಳ ಪರವಾಗಿ ಎದೆ ತಟ್ಟಿ ಕೂಗುವ ಪ್ರೇಕ್ಷಕರು ಅಲ್ಲಿ ಬಹಿರಂಗವಾಗಿಯೇ ಇದ್ದಾರೆ. ಆ ದೇಶದ ಜನಪದ ದೇವತೆಯಂತಾದ ಬೆಳ್ಳಿ ಮುಖವಾಡದ ಎಲ್ ಸಾಂತೊ 1942ರಲ್ಲಿ ಆ ಮುಖವಾಡ ತೊಟ್ಟಾಗ ರೂಡೊ ಆಗಿಯೇ ತೊಟ್ಟ, ಸುಮಾರು ಇಪ್ಪತ್ತು ವರ್ಷ ರೂಡೊ ಆಗಿಯೇ ಉಳಿದ. ಹಾಗೆಂದು ರನ್ನನ ದುರ್ಯೋಧನನ ಬಗ್ಗೆ ನಮಗೆ ಹುಟ್ಟುವ ಮರುಕವನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕುವಂತಿಲ್ಲ. ದುರ್ಯೋಧನ ದೊಡ್ಡವನಾಗಿ ಬೀಳುತ್ತಾನೆ, ನಮ್ಮನ್ನು ಮೌನವಾಗಿಸುತ್ತಾನೆ. ಕುಸ್ತಿಯ ಖಳ ಸಣ್ಣವನಾಗಿ ಬೀಳಬೇಕು, ಬೀಳುವಾಗ ನಮ್ಮ ಬಾಯಿ ತೆರೆಸಬೇಕು. ಇದನ್ನು ಚೆನ್ನಾಗಿ ಅರಿತವನು ಕುಸ್ತಿಪಟುವಲ್ಲ, ಹತ್ತೊಂಬತ್ತರ ಒಬ್ಬ ಬಾಕ್ಸರ್. 1961ರಲ್ಲಿ ಲಾಸ್ ವೇಗಸ್ಸಿನಲ್ಲಿ ಜಾರ್ಜನ ಬಡಾಯಿ ಕೇಳಿ, ಅವನ ಕುಸ್ತಿಗೆ ಕಿಕ್ಕಿರಿದ ಜನರನ್ನು ಕಂಡು ತಾನು ಪಾಠ ಕಲಿತೆನೆಂದು ಮುಹಮ್ಮದ್ ಅಲಿ ಮುಂದೆ ಹಲವು ಸಲ ಹೇಳಿಕೊಂಡ. ಬಾಯಿಬಡುಕನ ಬಾಯಿ ಮುಚ್ಚಿಸುವುದನ್ನು ನೋಡಲು ಜನ ದುಡ್ಡು ಕೊಡುತ್ತಾರೆ ಎಂಬುದು ಆ ಪಾಠ.

ಕೊಟ್ಟ ದುಡ್ಡಿಗೆ ತಕ್ಕ ಸೋಲನ್ನು ಜಾರ್ಜ್ ಕೊನೆಗೆ ಕೊಟ್ಟ ಎಂಬುದೇ ಅವನ ಕಸುಬಿನ ಪ್ರಾಮಾಣಿಕತೆ. 1959ರಲ್ಲಿ ಟೊರಾಂಟೋದಲ್ಲಿ ವಿಪ್ಪರ್ ಬಿಲ್ಲಿ ವಾಟ್ಸನ್ ಎದುರು ತನ್ನ ಸುರುಳಿಗೂದಲನ್ನೇ ಪಣವಿಟ್ಟು ಸೋತು, ಸಾವಿರಾರು ಜನರ ಮುಂದೆ ತಲೆ ಬೋಳಿಸಿಕೊಂಡ. 1962ರ ನವೆಂಬರ್ 7ರಂದು ಅದೇ ಒಲಿಂಪಿಕ್ ಆಡಿಟೋರಿಯಂನಲ್ಲಿ 'ಡೆಸ್ಟ್ರಾಯರ್' ಎಂಬ ಮುಖವಾಡದ ಪಟುವಿನ ಎದುರು ಮತ್ತೊಮ್ಮೆ ಪಣವಿಟ್ಟು, ಮತ್ತೊಮ್ಮೆ ಸೋತ. ಅಷ್ಟರಲ್ಲಿ ಕುಡಿತ ಅವನ ಯಕೃತ್ತನ್ನು ತಿಂದಿತ್ತು, ಗಳಿಸಿದ ಹಣ ಕರಗಿತ್ತು. 1963ರ ಡಿಸೆಂಬರ್ 26ರಂದು ಲಾಸ್ ಏಂಜಲೀಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಜಾರ್ಜನಿಗೆ 48 ವರ್ಷ.