ಬ್ರೌಸರಿನಲ್ಲಿ ಪಾಪ್‌ಅಪ್ ತಡೆ: ಅದರ ಪೂರ್ವೋತ್ತರ

ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟವರಿಗೆ ನಗರದ ಅಂಚಿನಲ್ಲಿ ಕಪನೂರ ಸಿಕ್ಕುತ್ತದೆ. ಈ ಸ್ಥಳವು ಈಗ ಕೈಗಾರಿಕಾ ಪ್ರದೇಶವೆಂದೇ ಪ್ರಸಿದ್ಧವಾಗಿದ್ದು, ತೊಗರಿಯನ್ನು ಬೇಳೆ ಮಾಡುವ ದಾಲ್ ಮಿಲ್ಲುಗಳು ಇಲ್ಲಿ ಹಲವುಂಟು. ಇಂಥ ಊರಿನ ಹೆಸರನ್ನು ಬ್ರೌಸರಿನ ಚರಿತ್ರೆಯೊಡನೆ ಸೇರಿಸಿ ಹೇಳಿದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಆದರೆ ಯಂತ್ರಕ್ಕೆ ವಿಧಿಸಿದ ನಿಯಮವೊಂದರ ಗುಣದೋಷಗಳನ್ನು, ಅದು ಕಟ್ಟಕಡೆಗೆ ಬಂದು ಮುಟ್ಟುವ ಊರಿನಲ್ಲಿ ನಿಂತು ಪರೀಕ್ಷಿಸುವುದೇ ಯುಕ್ತವೆಂದು ನಮ್ಮ ಅಭಿಪ್ರಾಯ.

ಓದುತ್ತಿರುವ ಪುಟದ ಮೇಲೆ ತಾನಾಗಿ ತೆರೆದುಕೊಳ್ಳುವ ಬೇರೊಂದು ಕಿಟಕಿಗೆ ಪಾಪ್‌ಅಪ್ ಎಂದು ಹೆಸರು. ೧೯೯೫ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು ರಚಿಸಿದ ಜಾವಾಸ್ಕ್ರಿಪ್ಟ್ ಭಾಷೆಯು, ಪುಟವನ್ನು ಬರೆದವನಿಗೆ ಓದುವವನ ತೆರೆಯ ಮೇಲೆ ಹೊಸ ಕಿಟಕಿ ತೆರೆಯುವ ಅಧಿಕಾರವನ್ನು ಕೊಟ್ಟಿತು. ಅದನ್ನು ಜಾಹೀರಾತಿಗೆ ಮೊದಲು ಬಳಸಿದವರಲ್ಲಿ ಟ್ರೈಪಾಡ್ ಎಂಬ ಜಾಲತಾಣದ ಈಥನ್ ಜ಼ುಕರ್‌ಮನ್ ಒಬ್ಬರು. ಮೋಟಾರುಗಾಡಿಯ ಕಂಪನಿಯೊಂದು, ತನ್ನ ಜಾಹೀರಾತು ಲೈಂಗಿಕ ವಿಷಯದ ಪುಟವೊಂದರಲ್ಲಿ ಕಾಣಿಸಿಕೊಂಡಿತೆಂದು ಆಕ್ಷೇಪಿಸಿತಂತೆ. ಪುಟಕ್ಕೂ ಜಾಹೀರಾತಿಗೂ ಸಂಬಂಧವಿಲ್ಲವೆಂದು ತೋರಿಸಲು ಅವರು ಜಾಹೀರಾತನ್ನು ಬೇರೆ ಕಿಟಕಿಯಲ್ಲಿಟ್ಟರು. ಈ ಸಂಗತಿಯನ್ನು ೨೦೧೪ರಲ್ಲಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಅವರೇ ಬರೆದು ಕ್ಷಮೆ ಕೋರಿದರು. ಸದುದ್ದೇಶದಿಂದ ಹುಟ್ಟಿದ ಉಪಾಯವು ಕೆಲವೇ ವರ್ಷಗಳಲ್ಲಿ ಪಿಡುಗಾಯಿತು.

ಆ ಪಿಡುಗಿನ ಭಾರ ನಮ್ಮಲ್ಲಿ ಇನ್ನೂ ಹೆಚ್ಚಾಗಿತ್ತು. ೧೯೯೫ನೆಯ ಆಗಸ್ಟ್ ೧೫ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲವನ್ನು ಒದಗಿಸಿತು. ಟೆಲಿಫೋನ್ ತಂತಿಯ ಮೂಲಕ ಆಮೆಯ ನಡಿಗೆಯಲ್ಲಿ ಬರುತ್ತಿದ್ದ ಪುಟಗಳಿಗೆ ಜನರು ಗಂಟೆಯ ಲೆಕ್ಕದಲ್ಲಿ ಹಣ ತೆರಬೇಕಾಗಿತ್ತು. ಸೈಬರ್ ಕೆಫೆಗಳಲ್ಲಿಯೂ ಇದೇ ಕ್ರಮ. ಕರೆಯದೆ ಬಂದ ಕಿಟಕಿಯನ್ನು ಕಾಯುವ ಕಾಲಕ್ಕೂ, ಅದನ್ನು ಮುಚ್ಚುವ ಕಾಲಕ್ಕೂ ಬಾಡಿಗೆ ಕೊಟ್ಟವನು ಓದುಗನೇ.

ಪ್ರತೀಕಾರವು ಮೊದಲು ಸಣ್ಣ ಬ್ರೌಸರುಗಳಿಂದ ಬಂದಿತು. ಒಪೇರಾ ಈ ದಾರಿಯಲ್ಲಿ ಮುಂದಾಯಿತು. ೨೦೦೨ರ ಜೂನ್ ತಿಂಗಳಲ್ಲಿ ಹೊರಬಂದ ಮೊಜ಼ಿಲ್ಲಾ ೧.೦ ಕೂಡ ಪಾಪ್‌ಅಪ್ ತಡೆಯುವ ಏರ್ಪಾಡನ್ನು ಹೊಂದಿತ್ತು. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಅದೇ ಮೂಲದಿಂದ ಸಿದ್ಧವಾದ ನೆಟ್‌ಸ್ಕೇಪ್ ೭.೦ ಆ ವರ್ಷದ ಆಗಸ್ಟಿನಲ್ಲಿ ಪ್ರಕಟವಾದಾಗ ಈ ತಡೆಯನ್ನು ಕೈಬಿಡಲಾಗಿತ್ತು. ನೆಟ್‌ಸ್ಕೇಪಿನ ಒಡೆತನವು ಜಾಹೀರಾತಿನ ಆದಾಯವುಳ್ಳ ಎಒಎಲ್ ಸಂಸ್ಥೆಯ ಕೈಯಲ್ಲಿತ್ತೆಂಬುದನ್ನು ನೆನೆದರೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಡಿಸೆಂಬರಿನ ಹೊತ್ತಿಗೆ ೭.೦೧ ಆವೃತ್ತಿಯಲ್ಲಿ ಅದನ್ನು ಮರಳಿ ಸೇರಿಸಬೇಕಾಯಿತು. ೨೦೦೩ರಲ್ಲಿ ಆಪಲ್ಲಿನ ಸಫಾರಿಯೂ, ೨೦೦೪ರ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವಿಸ್ ಪ್ಯಾಕಿನೊಡನೆ ಇಂಟರ್ನೆಟ್ ಎಕ್ಸ್‌ಪ್ಲೋರರೂ ಈ ಮಾರ್ಗವನ್ನು ಹಿಡಿದವು. ಆಗ ಬಹುಜನರು ಬಳಸುತ್ತಿದ್ದುದು ಎಕ್ಸ್‌ಪ್ಲೋರರನ್ನೇ ಆದುದರಿಂದ, ತಡೆಯೇ ರೂಢಿಯಾಗಿ ಅನುಮತಿಯು ಅಪವಾದವಾಯಿತು. ಬ್ರೌಸರು ಪ್ರಕಾಶಕನ ಆಜ್ಞೆಯನ್ನು ಮೀರಿ ಓದುಗನ ಪಕ್ಷವನ್ನು ವಹಿಸಿದ ಮುಖ್ಯ ಪ್ರಸಂಗಗಳಲ್ಲಿ ಇದೊಂದು.

ಹಾಗಾದರೆ ಯಾವ ಕಿಟಕಿ ಕರೆದದ್ದು, ಯಾವುದು ಕರೆಯದ್ದು? ಯಂತ್ರಕ್ಕೆ ಓದುಗನ ಮನಸ್ಸು ತಿಳಿಯದು. ಅವನ ಬೆರಳಿನ ಒತ್ತು ಮಾತ್ರ ತಿಳಿದೀತು. ಆದುದರಿಂದ, ಓದುಗನು ಗುಂಡಿಯನ್ನೊತ್ತಿದ ಕೂಡಲೇ ತೆರೆಯುವ ಕಿಟಕಿಗೆ ಪ್ರವೇಶ, ಉಳಿದುದಕ್ಕೆ ನಿಷೇಧ, ಎಂಬ ನಿಯಮವಾಯಿತು. ಆ ಒತ್ತಿನ ಅನುಮತಿಯೂ ಕೆಲವೇ ಸೆಕೆಂಡುಗಳಲ್ಲಿ ತೀರಿಹೋಗುವುದು.

ಈ ನಿಯಮದ ಸಾರವನ್ನು ವ್ಯಾಪಾರಿಗಳು ಬೇಗನೆ ಗ್ರಹಿಸಿದರು. ಪುಟದಲ್ಲಿ ಎಲ್ಲಿ ಒತ್ತಿದರೂ ಜಾಹೀರಾತು ತೆರೆಯುವಂತೆ ಮಾಡಿದರು. ಹೊಸ ಕಿಟಕಿಯ ಗೊಡವೆಯೇ ಬೇಡವೆಂದು ಅದೇ ಪುಟದೊಳಗೆ ಓದನ್ನು ಮರೆಮಾಡುವ ಫಲಕಗಳನ್ನಿಟ್ಟರು. ಇವಕ್ಕೆ ಹಳೆಯ ತಡೆಯು ಸಾಲದಾಯಿತು. ೨೦೧೮ರ ಫೆಬ್ರವರಿಯಲ್ಲಿ ಗೂಗಲ್ ಕ್ರೋಮ್, ಉಪದ್ರವಕಾರಿ ಜಾಹೀರಾತುಗಳನ್ನು ಬಿಡದ ತಾಣಗಳಲ್ಲಿ ಜಾಹೀರಾತನ್ನೇ ತೋರಿಸದಿರುವ ಕ್ರಮವನ್ನು ಕೈಕೊಳ್ಳಬೇಕಾಯಿತು.

ಇನ್ನೊಂದು ಪರಿಣಾಮವು ಪ್ರಾಮಾಣಿಕ ಕಿಟಕಿಗಳಿಗೆ ಸಂಬಂಧಿಸಿದ್ದು. ಮತ್ತೆ ಕಪನೂರಕ್ಕೆ ಬರೋಣ. ೨೦೧೮ನೆಯ ಏಪ್ರಿಲ್ ೧ರಿಂದ ಕರ್ನಾಟಕದಲ್ಲಿ, ರಾಜ್ಯದ ಹೊರಕ್ಕೆ ಮಾತ್ರವಲ್ಲದೆ ಒಳಗಿನ ಸಾಗಣೆಗೂ, ತೆರಿಗೆಗೊಳಪಟ್ಟ ೫೦,೦೦೦ ರೂಪಾಯಿ ಮೀರಿದ ಸರಕಿಗೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕಾಗಿದೆ. ಹಣ ಪಾವತಿ, ರಸೀದಿ, ಪ್ರಮಾಣಪತ್ರಗಳೂ ಈಗ ಜಾಲದ ಮೂಲಕವೇ ಆಗುತ್ತವೆ. ಇಂಥ ತಾಣಗಳಲ್ಲಿ ಎಷ್ಟೋ ಕಡೆ ಮುದ್ರಿಸಬೇಕಾದ ಕಾಗದವು ಬೇರೊಂದು ಕಿಟಕಿಯಲ್ಲಿ ಬರುವುದು. ಲಾರಿ ಬಾಗಿಲಲ್ಲಿ ನಿಂತಿದೆ. ಮುನೀಮನು ಗುಂಡಿ ಒತ್ತಿದ್ದಾನೆ. ಜಾಲವು ನಿಧಾನವಾಗಿ ಉತ್ತರವು ತಡವಾಯಿತು ಎಂದಿಟ್ಟುಕೊಳ್ಳೋಣ. ಅಷ್ಟರಲ್ಲಿ ಒತ್ತಿನ ಅನುಮತಿ ಮುಗಿದಿರುವುದರಿಂದ, ಅವನೇ ಬೇಡಿದ ರಸೀದಿಯನ್ನು ಬ್ರೌಸರು ಕರೆಯದ ಅತಿಥಿಯೆಂದು ಹೊರಗೆ ನಿಲ್ಲಿಸುತ್ತದೆ. ತಡೆದುದಕ್ಕೆ ಗುರುತಾಗಿ ಮೂಲೆಯಲ್ಲೊಂದು ಸಣ್ಣ ಚಿಹ್ನೆ ಮಾತ್ರ ಕಾಣುವುದು. ತಡೆಯಾಯಿತೇ ಎಂದು ಪರೀಕ್ಷಿಸುವ ಎಚ್ಚರವಿಲ್ಲದೆ ಬರೆದ ತಾಣವಾದರೆ ಅದು ಏನನ್ನೂ ಹೇಳದು. ವೇಗದ ಜಾಲವುಳ್ಳವನಿಗೆ ಕಾಣದ ಈ ದೋಷವು ನಿಧಾನದ ಜಾಲವುಳ್ಳವನಿಗೇ ತಟ್ಟುತ್ತದೆಂಬುದು ವಿಚಾರಾರ್ಹ.

ಆಗ ದೊರೆಯುವ ಸಲಹೆಯಾದರೂ ಏನು? ಪಾಪ್‌ಅಪ್‌ಗಳಿಗೆ ಅನುಮತಿ ಕೊಡಿರಿ ಎಂಬುದೇ. ಆ ಒಂದು ತಾಣಕ್ಕೆ ಮಾತ್ರ ಕೊಟ್ಟರೆ ಕ್ಷೇಮ. ಬೇಸತ್ತವನು ಎಲ್ಲ ತಾಣಗಳಿಗೂ ಕೊಟ್ಟನೆಂದರೆ, ಎರಡು ದಶಕಗಳ ಹಿಂದೆ ಓದುಗನಿಗೆ ದೊರೆತ ರಕ್ಷಣೆಯನ್ನು ಅವನು ತನ್ನ ಕೈಯಾರೆ ಕಳಚಿಟ್ಟಂತಾಯಿತು. ನಮ್ಮ ಹಳೆಯ ವಾಡೆಗಳಲ್ಲಿ ಹೆಬ್ಬಾಗಿಲನ್ನು ಮುಚ್ಚಿದರೂ ಬೇಕಾದವರಿಗೆ ದಿಡ್ಡಿಬಾಗಿಲಿತ್ತು. ಅಲ್ಲಿ ನಿಂತ ಆಳು ಮುಖ ನೋಡಿ ಒಳಬಿಡುತ್ತಿದ್ದನು. ಮುಖ ನೋಡಲರಿಯದ ಯಂತ್ರವನ್ನು ಬಾಗಿಲಲ್ಲಿ ನಿಲ್ಲಿಸಿದ ಮೇಲೆ, ಕಿಟಕಿಯಿಲ್ಲದೆ ಅದೇ ಪುಟದಲ್ಲಿ ರಸೀದಿ ಕೊಡುವ ಹೊಣೆಯು ತಾಣವನ್ನು ಕಟ್ಟುವವರದು. ತಡೆದುದನ್ನು ಓದುಗನ ನುಡಿಯಲ್ಲಿ ಸ್ಪಷ್ಟವಾಗಿ ತಿಳಿಸುವ ಹೊಣೆಯು ಬ್ರೌಸರಿನದು. ಇವೆರಡೂ ನೆರವೇರುವವರೆಗೆ ಓದುಗನ ಈ ವಿಜಯವು ಅರ್ಧ ವಿಜಯವೇ ಸರಿ.