ಚೀನೀ ಬರವಣಿಗೆಯಲ್ಲಿ ವಿರಾಮಚಿಹ್ನೆಗಳೂ ಪಾಠಶೋಧನೆಯೂ

ಚೀನಾ ದೇಶದ ಪ್ರಾಚೀನ ಗ್ರಂಥಗಳಲ್ಲಿ ಪದಗಳ ನಡುವೆ ತೆರಪಾಗಲಿ ವಾಕ್ಯದ ಕೊನೆಗೆ ಚಿಹ್ನೆಯಾಗಲಿ ಸಾಮಾನ್ಯವಾಗಿ ಇರುತ್ತಿರಲಿಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಓದುವವನೇ ನಿರ್ಣಯಿಸಿಕೊಳ್ಳಬೇಕಾಗಿದ್ದಿತು. ಈ ವಾಕ್ಯಚ್ಛೇದಕ್ಕೆ ‘ಜೂದೌ’ ಎಂದು ಹೆಸರು. ತಾಂಗ್ ಕಾಲದ ಪಂಡಿತ ಹಾನ್ ಯೂ (ಕ್ರಿ. ಶ. 768–824) ಗುರುಗಳನ್ನು ಕುರಿತ ತನ್ನ ಪ್ರಬಂಧದಲ್ಲಿ, ಬಾಲಕರಿಗೆ ಜೂದೌ ಕಲಿಸುವವರನ್ನು ನಿಜವಾದ ಗುರುಗಳ ಪಂಕ್ತಿಗೆ ಸೇರಿಸಲಿಲ್ಲ. ಅಕ್ಷರಾಭ್ಯಾಸ ಮಾಡಿಸಿ ಬಾಳಿದವರಿಗೆ ಇದು ತುಸು ಕಠಿನವಾದ ಮಾತೇ ಸರಿ.

ಅಕ್ಷರಶುದ್ಧಿಯ ವಿಷಯದಲ್ಲಾದರೋ ಅಲ್ಲಿ ಬಹು ಹಿಂದಿನಿಂದಲೂ ಕಟ್ಟುನಿಟ್ಟುಂಟು. ಕ್ರಿ. ಪೂ. 26ರಲ್ಲಿ ಹಾನ್ ಚಕ್ರವರ್ತಿಯ ಆಜ್ಞೆಯಂತೆ ಲಿಯು ಶಿಯಾಂಗನು ಅರಮನೆಯ ಗ್ರಂಥಗಳನ್ನು ಶೋಧಿಸಲು ತೊಡಗಿದನು. ಒಬ್ಬನೇ ಕುಳಿತು ಹಿಂದುಮುಂದನ್ನು ಹೋಲಿಸಿ ತಪ್ಪು ಹಿಡಿಯುವುದು ‘ಜಿಯಾವ್’. ಒಬ್ಬನು ಮೂಲಪ್ರತಿಯನ್ನು ಹಿಡಿದು ಇನ್ನೊಬ್ಬನು ಓದುತ್ತ, ಹಗೆಗಳಂತೆ ಎದುರುಬದುರಾಗಿ ಕುಳಿತು ಶೋಧಿಸುವುದು ‘ಚೌ’. ಕ್ರಿ. ಶ. 175ರಲ್ಲಿ ಶಾಸ್ತ್ರಗ್ರಂಥಗಳ ಶುದ್ಧಪಾಠವನ್ನು ಶಿಲೆಯಲ್ಲಿ ಕೆತ್ತಿಸಿ ಲೋಯಾಂಗಿನ ರಾಜವಿದ್ಯಾಲಯದ ಮುಂದೆ ನಿಲ್ಲಿಸುವ ಕಾರ್ಯವೂ ಮೊದಲಾಯಿತು.

ಅಕ್ಷರವು ಕಲ್ಲಿನಲ್ಲಿ ನಿಂತರೂ ಅರ್ಥವು ಮಾತ್ರ ಓದುವವನ ನಾಲಗೆಯಲ್ಲಿಯೇ ಉಳಿಯಿತು. ಇದಕ್ಕೆ ಚೀನೀಯರು ಹೇಳುವ ಒಂದು ವಿನೋದಕಥೆಯುಂಟು. ಮಳೆಗೆ ಸಿಕ್ಕಿದ ಅತಿಥಿಗೆ ಮನೆಯವನು ಹತ್ತು ಅಕ್ಷರಗಳ ಒಂದು ಚೀಟಿ ಬರೆದನಂತೆ: ‘ಮಳೆ ಬಂತು, ದೈವವು ಅತಿಥಿಯನ್ನು ತಡೆಯುತ್ತದೆ, ದೈವ ತಡೆದರೂ ನಾನು ತಡೆಯೆನು.’ ಅತಿಥಿಯು ಒಂದಕ್ಷರವನ್ನೂ ಕದಲಿಸದೆ ಬೇರೆಡೆಗಳಲ್ಲಿ ನಿಲ್ಲಿಸಿ ಓದಿದನು: ‘ಮಳೆಯ ದಿನ, ಅತಿಥಿಯನ್ನು ಇರಿಸಿಕೊಳ್ಳುವ ದಿನ, ನನ್ನನ್ನು ಇರಿಸಿಕೊಳ್ಳುವೆಯೋ ಇಲ್ಲವೋ? ಇರಿಸಿಕೊಳ್ಳುವೆ!’

ಈ ಸಂದಿಗ್ಧವನ್ನು ಕಳೆಯಲು ಹೂ ಷೀ ಮೊದಲಾದ ವಿದ್ವಾಂಸರು 1919ರಲ್ಲಿ ಹೊಸ ಚಿಹ್ನೆಗಳನ್ನು ಬಳಕೆಗೆ ತರಬೇಕೆಂದು ಸರ್ಕಾರವನ್ನು ಪ್ರಾರ್ಥಿಸಿದರು. 1920ರ ಫೆಬ್ರವರಿಯಲ್ಲಿ ವಿದ್ಯಾ ಮಂತ್ರಾಲಯವು ಹನ್ನೆರಡು ಚಿಹ್ನೆಗಳನ್ನು ಅಂಗೀಕರಿಸಿತು. 1951ರಲ್ಲಿ ಅವು ಹದಿನಾಲ್ಕಾದುವು. 2011ರ ರಾಷ್ಟ್ರೀಯ ನಿಯಮಾವಳಿಯಲ್ಲಿ ಹದಿನೇಳು. ಅಂದಿನಿಂದ ನಿಲುಗಡೆಯ ಹೊಣೆ ಓದುವವನಿಂದ ಬರೆಯುವವನಿಗೆ ಬಂದಿತು.

ಗಣಕಯಂತ್ರ ಬಂದ ಮೇಲೆ ಹೊಸ ತೊಡಕು ಹುಟ್ಟಿತು. ಚೀನೀ ಅಕ್ಷರವು ಒಂದು ಚೌಕವನ್ನು ತುಂಬುತ್ತದೆ. ಅದರ ಅಲ್ಪವಿರಾಮಕ್ಕೂ ಅಷ್ಟೇ ಸ್ಥಳ ಸಲ್ಲಬೇಕು. ಬೆರಳಚ್ಚಿನ ಅವಸರದಲ್ಲಿ ರೋಮನ್ ಲಿಪಿಯ ಕಿರಿದಾದ ಚಿಹ್ನೆ ನುಸುಳುವುದು ಸಹಜ. ಇಂತಹವನ್ನು ಹುಡುಕಿ ತಿದ್ದುವ ತಂತ್ರಾಂಶಗಳು ಈಗ ಹಲವಿವೆ. ಚೀನೀ ಅಕ್ಷರಕ್ಕೂ ರೋಮನ್ ಅಕ್ಷರಕ್ಕೂ ನಡುವೆ ತೆರಪನ್ನಿಡುವ ಒಂದಕ್ಕೆ ‘ಪಾನ್‌ಗು’ ಎಂದೇ ಹೆಸರು. ಪುರಾಣದಲ್ಲಿ ಪಾನ್‌ಗು ಭೂಮ್ಯಾಕಾಶಗಳನ್ನು ಬೇರ್ಪಡಿಸಿದವನು. ಹೆಸರಿಟ್ಟವರ ರಸಿಕತೆಯನ್ನು ಮೆಚ್ಚಬೇಕು. ಆದರೆ ಚಿಹ್ನೆಯ ರೂಪವನ್ನು ನೋಡುವ ಇಂತಹ ಸಾಧನದ ಮುಂದೆ ಆ ಮಳೆಯ ಚೀಟಿಯನ್ನಿಟ್ಟರೆ, ಮನೆಯವನ ಪಾಠವೂ ಅತಿಥಿಯ ಪಾಠವೂ ಸಮಾನವಾಗಿ ನಿರ್ದೋಷವೆನಿಸುವುವು.

ಆದುದರಿಂದಲೇ ಅಲ್ಲಿನ ಪ್ರಕಾಶನಾಲಯಗಳಲ್ಲಿ ಮೂರು ಸಲ ಪರಿಶೀಲಿಸಿ ಮೂರು ಸಲ ಕರಡು ತಿದ್ದುವ ಪದ್ಧತಿಯುಂಟು. 2005ರಲ್ಲಿ ಜಾರಿಗೆ ಬಂದ ನಿಯಮದಂತೆ ಹತ್ತು ಸಾವಿರ ಅಕ್ಷರಗಳಿಗೆ ಒಂದಕ್ಕಿಂತ ಹೆಚ್ಚು ದೋಷವಿದ್ದರೆ ಗ್ರಂಥವು ಅನರ್ಹ. ಆ ಲೆಕ್ಕದಲ್ಲಿ ತಪ್ಪು ಅಕ್ಷರವೊಂದು ಒಂದು ದೋಷ. ವಿರಾಮಚಿಹ್ನೆಯ ಸಾಮಾನ್ಯ ತಪ್ಪು ಅದರ ಹತ್ತನೆಯ ಒಂದು ಪಾಲು ಮಾತ್ರ.